ಹತ್ತಕ್ಕೆ ಹತ್ತು

…ಅಲ್ಲ ಬಾಯಮ್ಮ, ಮಗಳು ಫೇಲ್, ಸೋಮವಾರ ನರ್ಸಿಂಗ್ ಇಂಟರ್‌ವ್ಯೂ ಅಂತ ಎರಡು ಮಾತು ಹೇಳಿ ಹೀಗೆ ನನ್ನ ಮುಖವನ್ನೇ ನೋಡಿದರೆ ನಾನು ಎಂತ ಮಾಡುವುದು? ಕೂತುಕೊಳ್ಳಿ. ಕಾರ್ಕಳದಿಂದ ಮಣಿಪಾಲದ ಈ ಕಂಪ್ಯೂಟರ್ ಆಫೀಸಿನವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದಿರಬೇಕು.

ಚೆನ್ನಾಗಿ ಬರೆದಿದ್ದೇನೆ ಅಂತ ಮಕ್ಕಳು ಮನೆಯಲ್ಲಿ ಹೇಳುವುದುಂಟು. ಇಂಗ್ಲಿಷಿನಲ್ಲಿ ಸೊನ್ನೆ ಬಂದರೆ ಕಂಪ್ಯೂಟರ್ ಎಂತ ಮಾಡ್ತದೆ? ಅದಕ್ಕೇನು ನಿಮ್ಮ ಮಗಳ ಮೇಲೆ ದ್ವೇಷವಾ?

ನಗು ಬರಲಿಲ್ಲವಾ… ಸರಿ.

ಕೇಳಿ. ಹದಿನೆಂಟು ಸಾವಿರ ಮಕ್ಕಳ ಫಲಿತಾಂಶ. ಪ್ರೋಗ್ರಾಮ್ ಬರೆದದ್ದು ಈ ಮಧ್ವರಾಜ. ಅದನ್ನು ಪರೀಕ್ಷೆ ಮಾಡಿದವರು ವಾರಿಜಾ, ರಮಾಮಣಿ. ಆದರೆ ಅವರ ಪರೀಕ್ಷೆ ಸರಿ ಉಂಟಾ ಅಂತ ನೋಡುವವರು ಯಾರು? ಅದೂ ನಾನೇ. ಅವರಿಗೆ ಗೊತ್ತಾಗದ ಹಾಗೆ ಪ್ರೋಗ್ರಾಮಿನೊಳಗೆ ಹತ್ತು ತಪ್ಪು ಸೇರಿಸಿಟ್ಟೆ. ಹತ್ತನ್ನೂ ಹಿಡಿದರು ಮಾರಾಯ್ರೇ. ಹತ್ತಕ್ಕೆ ಹತ್ತು. ಆಮೇಲೆ ಎಲ್ಲವನ್ನೂ ತೆಗೆದೆ. ವರದಿ ನೋಡಿ ಸಾಹೇಬರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಇನ್ನೇನು ಬೇಕು?

ಎಂತ? ಹಾಗೆ ನೋಡಬೇಡಿ. ವಾರಿಜಾ, ರಮಾಮಣಿ ಪ್ರೋಗ್ರಾಮ್ ಪರೀಕ್ಷೆಗೆ ಅಂತ ಹಾಕಿದ್ದು ಕಿಟ್ಟ, ವಸಂತಿ, ಹೂವಪ್ಪ… ಪುಟ್ಟ ಪುಟ್ಟ ಹೆಸರು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸುಮ್ಮನೆ ಹೇಳಿದೆ.

ಮಗಳ ಹೆಸರೆಂತ?

ಡುಲ್ಸಿನ್ ಪ್ರೆಸಿಲ್ಲಾ ರೊಸಾರಿಯೊ… ಚಂದದ ಹೆಸರು. ಇಂಗ್ಲಿಷಿನಲ್ಲಿ ಬರೆದರೆ, ಖಾಲಿ ಜಾಗವೂ ಸೇರಿ… ಇಪ್ಪತ್ತನಾಲ್ಕು. ಎರಡು ಹೆಚ್ಚಾಯಿತು. ಇಲ್ಲ, ಇಲ್ಲ, ನನ್ನಷ್ಟಕ್ಕೆ ಲೆಕ್ಕ ಹಾಕಿದೆ.

ಅಂಕಪಟ್ಟಿ ಕೊಡಿ, ನೋಡುವ. ಯಾಕೆ ಕೈ ಬಿಗಿ ಹಿಡಿದಿದ್ದೀರಿ? ಮಡಚಿದ್ದು ಮಡಚಿದ ಹಾಗೇ ಉಂಟಲ್ಲ…

ನೀವು ಅದನ್ನು ಇನ್ನೂ ನನಗೆ ತೋರಿಸಲೇ ಇಲ್ಲ, ಅಲ್ವಾ?

ಫೇಲ್ ಅಂದಿರಿ, ಅಷ್ಟೇ. ಇಂಗ್ಲಿಷ್ ಅಂದವನು ನಾನು. ಸೊನ್ನೆ ಅಂದವನೂ ನಾನು.

ಬಾಯಿ… ಹನ್ನೊಂದನೆಯ ತಪ್ಪು ನಾನು ಇಟ್ಟದ್ದಲ್ಲ. ಬರೆಯುವಾಗಲೇ ಆದದ್ದು. ಹೆಸರಿಗೆ ಇಪ್ಪತ್ತೆರಡೇ ಅಕ್ಷರದ ಜಾಗ, ಅದರ ಪಕ್ಕದಲ್ಲೇ ಇಂಗ್ಲಿಷಿನ ಅಂಕ. ಹೆಸರು ಉದ್ದವಾದರೆ ಅಕ್ಷರ ಹೋಗಿ ಅಂಕದ ಮೇಲೆ ಕೂರುತ್ತದೆ, ಕಂಪ್ಯೂಟರ್ ಅದನ್ನು ಸೊನ್ನೆ ಅಂತ ಓದುತ್ತದೆ. ವರದಿ ಕೊಟ್ಟ ಮರುದಿನವೇ ನನಗೆ ಕಂಡಿತು. ಹೇಳಿದರೆ ಹತ್ತಕ್ಕೆ ಹತ್ತು ಎಲ್ಲಿ ಉಳಿಯುತ್ತಿತ್ತು? ಅಷ್ಟುದ್ದದ ಹೆಸರು ಈ ಊರಲ್ಲಿ ಯಾರಿಗಿರ್ತದೆ ಅಂತ… ನಾನು, ಈ ಊರಲ್ಲೇ ಹುಟ್ಟಿದವನು, ಅಂದುಕೊಂಡೆ.

ಈಗ ಅಂಕಪಟ್ಟಿ ಬಿಡಿಸುತ್ತೀರಾ? ಬೇಡ ಬಾಯಿ. ಅದರಲ್ಲಿ ಎಂತ ಉಂಟು ಅಂತ ನನಗೆ ಗೊತ್ತುಂಟು.