ಮೂರನೇ ಮಹಡಿಯ ನೇರಳೆ ಬೆಳಕಿನ ಬಗ್ಗೆ

ನನ್ನ ಹೆಸರನ್ನೂ ಮನೆ ನಂಬರನ್ನೂ ಠಾಣೆಯ ಬರಹಗಾರರು ಮೇಲಿನ ಕಾಲಂನಲ್ಲಿ ಬರೆದುಕೊಂಡಿದ್ದಾರೆ. ವಯಸ್ಸು ನಲವತ್ತೇಳು, ಅವಿವಾಹಿತೆ. ಔಷಧಿ ಅಂಗಡಿಯಲ್ಲಿ ದಾಸ್ತಾನು ನೋಡಿಕೊಳ್ಳುವ ಕೆಲಸ. ಅದಕ್ಕೂ ಮುಂಚೆ ಹತ್ತೊಂಬತ್ತು ವರ್ಷ ಸಸ್ಯ ಸಂಶೋಧನೆಯ ಪ್ರಯೋಗಾಲಯದಲ್ಲಿ ಸಹಾಯಕಿ. ವಾಸ ಬ್ರೆಡ್ ಕಾರ್ಖಾನೆಯ ಹಿಂದಿನ ಬೀದಿ, ಮೂರನೇ ಮಹಡಿ, ಒಬ್ಬಳೇ. ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ಈ ಮೂಲಕ ಬರೆಸುವುದೇನೆಂದರೆ:

ನನ್ನ ಮನೆಯ ಒಳಕೋಣೆಯಲ್ಲಿ ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಅರವತ್ತು ಕುಂಡಗಳಿವೆ. ಅವುಗಳಲ್ಲಿರುವುದು ಸಾಸಿವೆ ಜಾತಿಯ ಒಂದು ಸಣ್ಣ ಕಳೆ. ಗಿಡದ ಬೆಳೆಯುವ ತುದಿಯಲ್ಲಿ ಒಂದು ಪುಟ್ಟ ಪ್ರೋಟೀನು ಹುಟ್ಟುತ್ತದೆ. ಅಕ್ಕಪಕ್ಕದ ಜೀವಕೋಶಗಳಿಗೆ ಹೋಗಿ, ಬೆಳೆದದ್ದು ಇಷ್ಟು ಸಾಕು ಎಂದು ತಿಳಿಸುವುದು ಅದರ ಕೆಲಸ. ನನ್ನಲ್ಲಿರುವ ತಳಿಯಲ್ಲಿ ಆ ಪ್ರೋಟೀನು ಹುಟ್ಟುವುದಿಲ್ಲ. ಆದ್ದರಿಂದ ದಂಟು ದುಂಡಗಿರದೆ ಪಟ್ಟಿಯಂತೆ ಅಗಲವಾಗುತ್ತದೆ, ಹೂವಿಗೆ ನಾಲ್ಕರ ಬದಲು ಐದಾರು ಎಸಳು ಬರುತ್ತವೆ. ತಾನಾಗಿಯೇ ಹುಟ್ಟಿದ ತಳಿ; ಸಾವಿರಾರು ಸಸಿಗಳ ನಡುವೆ ಪ್ರಯೋಗಾಲಯದ ಮುಖ್ಯಸ್ಥೆ, ನಮ್ಮ ಮೇಡಂ ಗುರುತಿಸಿದ್ದು.

ಮೂರು ವರ್ಷದ ಹಿಂದೆ ಪ್ರಯೋಗಾಲಯ ಮುಚ್ಚಿತು. ಗಿಡಗಳನ್ನೆಲ್ಲ ಆವಿಯಲ್ಲಿ ಬೇಯಿಸಿ ಎಸೆದೆವು. ಈ ತಳಿಯ ಬೀಜವನ್ನು ಮಾತ್ರ ಮೇಡಂ ನನ್ನ ಕೈಗೆ ಕೊಟ್ಟು, "ನಿನ್ನ ಹತ್ರಾನೇ ಇರ್ಲಿ ಕಣಮ್ಮ, ಬೇರೆಯವ್ರಿಗೆ ಇದು ಬರೀ ಕಳೆ" ಎಂದರು. ಕಳೆದ ವರ್ಷ ಮೇಡಂ ತೀರಿಕೊಂಡರು. ಬೀಜ ಹಳೆಯದಾದಂತೆ ಮೊಳೆಯುವುದು ಕಡಿಮೆಯಾಗುತ್ತದೆ. ಅದಕ್ಕೇ ಇಷ್ಟು ದಿನ ತೆಗೆದಿಟ್ಟಿದ್ದ ಬೀಜವನ್ನೆಲ್ಲ ಎರಡು ತಿಂಗಳ ಹಿಂದೆ ಹಾಕಿದೆ; ಬೇರೆ ಬೀಜ ನನ್ನ ಬಳಿ ಇಲ್ಲ. ಹೊಸ ಬೀಜ ತಂದುಕೊಟ್ಟರೆ ಕಾಪಾಡಿ ಇಡುತ್ತೇವೆ ಎಂದು ಬೇರೆ ಊರಿನ ಬೀಜಸಂಗ್ರಹದವರು ಒಪ್ಪಿದ್ದಾರೆ.

ಗಿಡಗಳಿಗೆಂದು ಆಗಲೇ ಹಾಕಿದ ನೇರಳೆ ದೀಪ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಉರಿಯುತ್ತದೆ. ನನ್ನ ಕಿಟಕಿಯಿಂದ ಎದುರು ಕಟ್ಟಡಕ್ಕೆ ಸುಮಾರು ಇಪ್ಪತ್ತು ಅಡಿ. ಅಲ್ಲಿ ಎಪ್ಪತ್ತರ ಆಸುಪಾಸಿನ ಟೈಲರ್ ಅಮ್ಮ ಕಿಟಕಿಗೆ ಮಿಷನ್ ಹಾಕಿಕೊಂಡು ಹೊಲಿಯುತ್ತಾರೆ. ನನ್ನ ದೀಪದ ದೆಸೆಯಿಂದ ದಾರದ ಬಣ್ಣ ತಿಳಿಯದೆ, ಬೂದು ಕೋಟಿಗೆ ಕಂದು ದಾರ ಹಾಕಿ ಗಿರಾಕಿಯಿಂದ ಬೈಸಿಕೊಂಡರೆಂದು ಈಗ ಗೊತ್ತಾಯಿತು.

ಸೋಮವಾರ ಸಂಜೆ ಏಳರ ಸುಮಾರಿಗೆ ನನ್ನ ಬಾಗಿಲು ಎರಡು ಸಲ ತಟ್ಟಿದ ಸದ್ದಾಯಿತು. ನಾನು ತೆಗೆಯಲಿಲ್ಲ. ಕಾರಣ ಕೇಳಿದ್ದಾರೆ. ಗ್ಯಾಸಿನವನು, ಮೀಟರ್ ನೋಡುವವನು ಬಿಟ್ಟರೆ ನನ್ನ ಬಾಗಿಲು ತಟ್ಟುವವರಿಲ್ಲ. ಪಕ್ಕದ ಮನೆಯ ಬಾಗಿಲೆಂದುಕೊಂಡೆ. ತಟ್ಟಿದ್ದು ಟೈಲರ್ ಅಮ್ಮ. ಮರುದಿನ ಅವರು ಠಾಣೆಗೆ ಬಂದು, ಬಾಗಿಲು ತೆಗೆಯದ ಮನೆಯಲ್ಲಿ ದೀಪ ಹಾಕಿ ಏನೋ ಬೆಳೆಸುತ್ತಿದ್ದಾರೆಂದು ದೂರು ಕೊಟ್ಟರು.

ಇಂದು ಗುರುವಾರ ಬೆಳಗ್ಗೆ ಎಂಟೂವರೆಗೆ ಸಬ್ ಇನ್ಸ್‌ಪೆಕ್ಟರ್ ಅವರೂ ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಅವರೂ ಬಂದರು. ಹಿಂದೆಯೇ ಟೈಲರ್ ಅಮ್ಮ, ಕೊರಳಿನ ಅಳತೆ ಟೇಪು ತೆಗೆಯದೆ, ಮೆಟ್ಟಿಲು ಹತ್ತಿ ಬಂದು ಹೊಸ್ತಿಲಲ್ಲಿ ನಿಂತರು. ಕೂರಲು ಹೇಳಿದೆ. ಮನೆಯಲ್ಲಿ ಒಂದೇ ಕುರ್ಚಿ ಇರುವುದರಿಂದ ಯಾರೂ ಕೂರಲಿಲ್ಲ.

ಗಾಂಜಾ ತಾನೇ ಎಂದು ಸಬ್ ಇನ್ಸ್‌ಪೆಕ್ಟರ್ ಕೇಳಿದರು. ಅಲ್ಲವೆಂದು ಹೇಳಿ, ಪ್ರೋಟೀನಿನ ವಿಷಯವನ್ನು ಮೇಲೆ ಬರೆಸಿದಂತೆಯೇ ವಿವರಿಸಿದೆ. ಕಾನ್‌ಸ್ಟೇಬಲ್, "ನಮ್ಮ ಮಾವನ ಥರ ಅನ್ನಿ. ಸಾಕು ಅನ್ನೋರಿಲ್ಲದಿದ್ರೆ ಮಾತು ನಿಲ್ಲೋದೇ ಇಲ್ಲ" ಎಂದರು. ನಾನು ನಕ್ಕೆ. ನನ್ನ ನಗು ಆ ಕೋಣೆಯಲ್ಲಿ ನನಗೇ ತುಂಬ ಜೋರಾಗಿ ಕೇಳಿಸಿತು.

ಬೆಟ್ಟ ಅಗೆದು ಇಲಿ ಹಿಡಿದಂತಾಯಿತು, ಆದರೂ ದೂರು ಬಂದ ಮೇಲೆ ಪರೀಕ್ಷೆ ಆಗಲೇಬೇಕು, ಅರವತ್ತೂ ಕುಂಡದ ಗಿಡ ಕಿತ್ತು ಠಾಣೆಗೆ ಒಯ್ಯಬೇಕು ಎಂದು ಸಬ್ ಇನ್ಸ್‌ಪೆಕ್ಟರ್ ಹೇಳಿದರು. ಕಾಯಿ ಇನ್ನೂ ಹಸಿರಿದೆ, ಈಗ ಕಿತ್ತರೆ ಬೀಜ ಜೊಳ್ಳಾಗುತ್ತದೆ, ತಳಿ ಇಲ್ಲಿಗೇ ಮುಗಿಯುತ್ತದೆ, ಮಾದರಿಗೆ ನಾಲ್ಕು ಗಿಡ ಒಯ್ಯಬಹುದು ಎಂದು ಕೇಳಿಕೊಂಡೆ. ವರದಿ ಬರುವ ತನಕ ಉಳಿದ ಗಿಡಗಳನ್ನು ನಾನು ಬೇರೆಡೆ ಸಾಗಿಸುವುದಿಲ್ಲವೆಂದು, ನನ್ನನ್ನು ಬಲ್ಲವರೊಬ್ಬರು ಜಾಮೀನು ನಿಂತು ಸಹಿ ಹಾಕಿದರೆ ಆಗಬಹುದು ಎಂದು ಅವರು ಹೇಳಿದರು.

ಅಣ್ಣನಿಗೆ ಫೋನ್ ಮಾಡಿದೆ. ಆ ನಂಬರ್ ಈಗ ಬೇರೆ ಯಾರದೋ. ಅಂಗಡಿ ಮಾಲೀಕರು ಪೊಲೀಸ್ ಎಂಬ ಮಾತು ಕೇಳಿದ ಕೂಡಲೇ, ನಿಮ್ಮ ವಿಷಯ ನನಗೇನು ಗೊತ್ತು ಎಂದು ಇಟ್ಟುಬಿಟ್ಟರು. ಅದು ನಿಜವೇ. ಆಮೇಲೆ ಮೇಡಂ ನಂಬರ್ ತೆಗೆದೆ. ತೆಗೆದ ಮೇಲೆ ನೆನಪಾಗಿ ಫೋನನ್ನು ಕುರ್ಚಿಯ ಮೇಲಿಟ್ಟೆ.

ಕಾನ್‌ಸ್ಟೇಬಲ್ ಚೀಲ ಬಿಡಿಸಿದರು. ಆಗ ಟೈಲರ್ ಅಮ್ಮ ಹೊಸ್ತಿಲು ದಾಟಿ ಒಳಗೆ ಬಂದು, "ಎಲ್ಲಿ ಹಾಕ್ಬೇಕು ಸಹಿ, ಕೊಡಿ" ಎಂದರು.

"ಅಮ್ಮಾ, ಕಂಪ್ಲೇಂಟ್ ಕೊಟ್ಟಿದ್ದೇ ನೀವು" ಎಂದು ಸಬ್ ಇನ್ಸ್‌ಪೆಕ್ಟರ್ ನೆನಪಿಸಿದರು.

"ಕೊಟ್ಟೆ, ಇಲ್ಲ ಅಂದ್ನಾ? ಬಲ್ಲವರು ಬೇಕು ಅಂದ್ರಲ್ಲ. ಮೂರು ವರ್ಷದಿಂದ ಇವಳನ್ನ ದಿನಾ ನೋಡ್ತಿರೋಳು ನಾನೊಬ್ಳೇ. ಆರಕ್ಕೆ ಏಳ್ತಾಳೆ, ಒಂದೊಂದೇ ಗಿಡಕ್ಕೆ ನೀರು ಹಾಕ್ತಾಳೆ, ನಿಂತ್ಕೊಂಡೇ ಊಟ ಮಾಡ್ತಾಳೆ. ಹೋದ್ ತಿಂಗಳು ಎರಡು ದಿನ ಜ್ವರ ಬಂದು ಮಲಗಿದ್ಲು. ಇವಳು ಎಲ್ಲಿಗೆ ಸಾಗಿಸ್ತಾಳೆ ಹೇಳಿ?"

ಜ್ವರ ಬಂದಿದ್ದು ನಿಜ. ಅದು ಇನ್ನೊಬ್ಬರಿಗೆ ಗೊತ್ತಿದೆಯೆಂದು ನನಗೆ ತಿಳಿದಿರಲಿಲ್ಲ.

ಅವರು ಸಹಿ ಹಾಕಿದರು. ನಾಲ್ಕು ಗಿಡಗಳನ್ನು ಒಯ್ಯಲಾಯಿತು. ಕಿಟಕಿಗೆ ದಪ್ಪ ಪರದೆ ಹಾಕಲು ನಾನು ಒಪ್ಪಿದ್ದೇನೆ. ಬಟ್ಟೆ ತಂದರೆ ತಾವೇ ಹೊಲಿದು ಕೊಡುವುದಾಗಿ ಟೈಲರ್ ಅಮ್ಮ ಹೇಳಿದ್ದಾರೆ. ಅವರ ಮೇಲೆ ನನ್ನದು ಯಾವ ದೂರೂ ಇಲ್ಲ.

ನಾನು ಠಾಣೆಗೆ ಹೊರಡುವ ಮುನ್ನ ಅವರು ಕೊರಳಿನ ಟೇಪು ತೆಗೆದು ಒಂದು ದಂಟಿನ ಅಗಲ ಅಳೆದು, "ಕಾಲಿಂಚು. ಒಳ್ಳೆ ಲೇಸ್ ಥರ ಇದ್ಯಲ್ಲೇ" ಎಂದು ಬಹಳ ಹೊತ್ತು ನೋಡಿದರು. ಇದು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ, ಬೇಡ ಎಂದು ಬರಹಗಾರರು ಹೇಳಿದರು. ಇರಲಿ ಎಂದು ಕೋರಿ ಬರೆಸಿದ್ದೇನೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಎಲ್ಲವೂ ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಮೇಲೆ ಹೇಳಿದ ಗುರುವಾರ
ಹೇಳಿಕೆ ಕೊಟ್ಟವಳ ಸಹಿ