ಕ್ಯೂಸಿಕ್ ಮನೆಗೆ ಕೊಡದ ಬಾವುಟದ ಚೂರು

ಹೇಡನ್ ಮನೆತನ ಎಂಥದ್ದು ಎಂದು ಮೇರಿಲ್ಯಾಂಡಿನ ಈ ಕೊಲ್ಲಿಯ ದಂಡೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಎಂಟು ತಲೆಮಾರಿನಿಂದ ಅದೇ ಮನೆ, ಅದೇ ಹೊಗೆಸೊಪ್ಪಿನ ಹೊಲ. ಇಗರ್ಜಿಗೆ ಜಾಗ ಕೊಟ್ಟವರು ನಾವು. ಹೆಣ್ಣುಮಕ್ಕಳೆಲ್ಲ ಕಾನ್ವೆಂಟಿನಲ್ಲಿ ಓದಿದವರು. ಸುಳ್ಳು ಹೇಳಿ ಅಭ್ಯಾಸವಿಲ್ಲ. ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನ ರಾಜನ ವಿರುದ್ಧ ಕಾದಾಡಿದ ನಮ್ಮೂರ ತುಕಡಿಯ ಬಾವುಟವನ್ನು, ದಕ್ಷಿಣದ ಕೆಂಪುಮಣ್ಣಿನ ಊರು ಕ್ಯಾಮ್ಡೆನ್‌ನಲ್ಲಿ ಸೋತ ದಿನ, ಅಂಗಿಯೊಳಗೆ ಮೈಗೆ ಸುತ್ತಿಕೊಂಡು ಉಳಿಸಿದವನು ನಮ್ಮ ಬೆನೆಟ್ ಅಜ್ಜ. ಆ ನೀಲಿ ರೇಷ್ಮೆ ಇಂದಿಗೂ ನಮ್ಮ ಪೆಟ್ಟಿಗೆಯಲ್ಲಿದೆ. ತುಕಡಿಯವರ ವಂಶದಲ್ಲಿ ಯಾರು ತೀರಿಕೊಂಡರೂ ಅದರಿಂದ ಬೆರಳುದ್ದದ ಚೂರು ಕತ್ತರಿಸಿ ಶವದ ಕೈಯಲ್ಲಿಡುವುದು ಊರಿನ ಪದ್ಧತಿ.

ಪೆಟ್ಟಿಗೆಯ ಕೀಲಿಕೈ ನನ್ನ ದೊಡ್ಡಪ್ಪನ ಮಗಳು ಊರ್ಸುಲಾಳ ಬಳಿ. ಹೋದ ತಿಂಗಳು ಒಂದು ಮಧ್ಯಾಹ್ನ, ನೆರೆಮನೆಯ ಶ್ರೀಮತಿ ಟಿಪೆಟ್ ಜೊತೆ ಅವಳು ಚಹಾ ಕುಡಿಯುತ್ತಿದ್ದಾಗ ಲೆಟಿಸ್ ಕ್ಯೂಸಿಕ್ ಬಂದು ಬಾಗಿಲಲ್ಲೇ ನಿಂತಳು.

"ಊರ್ಸುಲಕ್ಕಾ, ಅಪ್ಪ ಹೋಗ್ಬಿಟ್ರು. ನಾಳೆ ಮಣ್ಣು. ಒಂದು ಎಳೆನಾದ್ರೂ ಕೊಡಿ."

"ನಿಮ್ಮನೆಗೆ ಯಾವತ್ತು ಕೊಟ್ಟಿದೀವಮ್ಮ? ನಿಮ್ಮಜ್ಜ ಇಗ್ನೇಷಿಯಸ್ ಕ್ಯೂಸಿಕ್, ರಣದಿಂದ ಪರಾರಿ ಅಂತ ತುಕಡಿಯ ಪಟ್ಟೀಲೇ ಬರೆದಿದೆ."

"ಅಪ್ಪ ಸಾಯೋವರೆಗೂ ಅದನ್ನೇ ಕೊರಗಿದ್ರು, ಅಕ್ಕಾ."

ಶ್ರೀಮತಿ ಟಿಪೆಟ್ ಬಟ್ಟಲು ಕೆಳಗಿಟ್ಟರು. "ಹೋಗ್ಲಿ ಬಿಡು ಲೆಟಿಸ್. ಶವದ ಪೆಟ್ಟಿಗೇಲಿ ಒಂದು ಜೊತೆ ಬೂಟು ಇಡ್ಸು. ಓಡೋಕೆ ಬೇಕಾಗತ್ತೆ."

ಲೆಟಿಸ್ ಹೊರಟುಹೋದಳು.

ಆ ರಾತ್ರಿ ಇಗರ್ಜಿಯಲ್ಲಿ ಜಪಸರದ ಪ್ರಾರ್ಥನೆ ಮುಗಿಸಿ ಊರ್ಸುಲಾ ಒಬ್ಬಳೇ ಹೊರಟಳು. ಕೈಯಲ್ಲಿ ಲಾಟೀನು. ಗಾಳಿ ಇರಲಿಲ್ಲ. ಹಳೇ ಬಾವಿಯ ಹತ್ತಿರ ಬಂದಾಗ ಹಿಂದೆ ಸದ್ದು.

ಧಪ್... ಸರ್ರ್... ಧಪ್... ಸರ್ರ್...

ಒಂದು ಹೆಜ್ಜೆ ಭಾರ. ಒಂದು ಹೆಜ್ಜೆ ಎಳೆತ. ನಡುವೆ ಏದುಸಿರು. ಅವಳು ನಿಂತಳು. ಅದೂ ನಿಂತಿತು. ಅವಳು ನಡೆದಳು... ಧಪ್... ಸರ್ರ್...

ತಿರುಗಿ ಲಾಟೀನು ಎತ್ತಿದಳು. ಬಾವಿಕಟ್ಟೆಗೆ ಒರಗಿ ಒಬ್ಬ ಗಂಡಸು. ಬರಿಗಾಲು. ಮೂಟೆ ಹೊತ್ತವನ ಹಾಗೆ ಬೆನ್ನು ಬಾಗಿತ್ತು, ಕೈಗಳೆರಡೂ ಹಿಂದೆ ಏನನ್ನೋ ಬಿಗಿಯಾಗಿ ಹಿಡಿದಿದ್ದವು. ಬೆನ್ನ ಮೇಲೆ ಏನೂ ಇರಲಿಲ್ಲ.

"ಯಾ... ಯಾರದು?"

"ನೀರು, ತಾಯಿ." ಪಿಸುದನಿ. "ನನಗಲ್ಲ... ಇವನಿಗೆ."

"ಯಾರಿಗೆ?"

"ಬೆನೆಟ್‌ಗೆ."

ಊರ್ಸುಲಾ ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಹೇಡನ್ ಹೆಣ್ಣು. "ಬೆನೆಟ್ ಅಜ್ಜ... ಬಾವುಟ ತಂದವರು," ಎಂದಳು.

"ಹೂಂ. ಬಾವುಟಾನ ಅವನು ತಂದ." ಉಸಿರು ಎಳೆದುಕೊಂಡ. "ಅವನನ್ನ...?"

ಬಾವಿಯ ಸರಪಣಿ ಕಿಣಿಕ್ ಎಂದಿತು. ಕಟ್ಟೆಯ ಬಳಿ ಯಾರೂ ಇರಲಿಲ್ಲ.

ಬೆನೆಟ್ ಅಜ್ಜನ ಎಡಮೊಣಕಾಲು ಆ ದಿನವೇ ಗುಂಡಿಗೆ ಪುಡಿಯಾಗಿತ್ತು. ಕ್ಯಾಮ್ಡೆನ್‌ನಿಂದ ಮನೆಗೆ ನಾನೂರು ಮೈಲಿ. ಹೇಗೆ ಬಂದ? ನೂರೈವತ್ತು ವರ್ಷ ನಮ್ಮ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

ಊರ್ಸುಲಾ ಮನೆಗೆ ಓಡಿ, ಕೈಗೆ ಕತ್ತರಿ ತೆಗೆದುಕೊಂಡು ಪೆಟ್ಟಿಗೆ ತೆರೆದಳು. ಬಾವುಟದ ಅಂಚಿನಲ್ಲಿ ಒಂದು ಚೂರು ಆಗಲೇ ಇರಲಿಲ್ಲ. ಕತ್ತರಿಸಿದ್ದಲ್ಲ. ಹರಿದದ್ದು.

ಆ ಹೊತ್ತಿನಲ್ಲೇ ಕ್ಯೂಸಿಕ್ ಮನೆಗೆ ಹೋದಳು. ಲೆಟಿಸ್ ಶವದ ಪಕ್ಕ ಕೂತಿದ್ದಳು. ಊರ್ಸುಲಾ ಮಂಡಿಯೂರಿದಳು.

"ತಪ್ಪಾಯ್ತು ಲೆಟಿಸ್. ನಿಮ್ಮಜ್ಜ ಓಡಿಹೋಗಿರ್ಲಿಲ್ಲ. ನಮ್ಮಜ್ಜನ್ನ ಹೊತ್ಕೊಂಡು ಬಂದ್ರು."

ಮುದುಕನ ಮುಷ್ಟಿ ಬಿಗಿದಿತ್ತು. ಇಬ್ಬರೂ ಸೇರಿ ಬಿಡಿಸಿದರು. ಒಳಗೆ ನೀಲಿ ರೇಷ್ಮೆ.

ಲೆಟಿಸ್ ಬಿಳಿಚಿಕೊಂಡಳು. "ನೀವು... ಯಾವಾಗ ಇಟ್ರಿ ಅಕ್ಕಾ?"

ಬೆಳಗಾಗುವಷ್ಟರಲ್ಲಿ ಶ್ರೀಮತಿ ಟಿಪೆಟ್ ಊರೆಲ್ಲ ಹೇಳಿಯಾಗಿತ್ತು: ಲೆಟಿಸ್ ಕಳ್ಳಿ, ಊರ್ಸುಲಾಗೆ ಅರಳುಮರಳು. ಕೀಲಿಕೈ ಊರ್ಸುಲಾಳ ಕೊರಳಲ್ಲಿತ್ತು. ಬೀಗ ಮುರಿದಿರಲಿಲ್ಲ. ಶವಪೆಟ್ಟಿಗೆ ಮುಚ್ಚುವ ಮೊದಲು ಆ ಚೂರನ್ನು ನಾನೇ ಈ ಕಣ್ಣಿಂದ ನೋಡಿದೆ, ಈ ಬೆರಳಿಂದ ಮುಟ್ಟಿದೆ. ಮಡಿಕೆಯಲ್ಲಿ ಕೆಂಪು ಜೇಡಿಮಣ್ಣು ಮೆತ್ತಿತ್ತು. ಇನ್ನೂ ಹಸಿ. ನಮ್ಮ ದಂಡೆಯಲ್ಲಿ ಎಷ್ಟು ಆಳ ಅಗೆದರೂ ಬಿಳಿ ಮರಳೇ.

ಇದು ನಡೆದದ್ದು. ಊರ್ಸುಲಾ ಕ್ಷಮೆ ಕೇಳಿಯಾಗಿದೆ. ಶ್ರೀಮತಿ ಟಿಪೆಟ್ ಇನ್ನೂ ಕೇಳಿಲ್ಲ. ಬರುವ ಭಾನುವಾರ ಪೂಜೆ ಮುಗಿದ ಮೇಲೆ, ಇಗರ್ಜಿಯ ಮೆಟ್ಟಿಲ ಮೇಲೆ, ಎಲ್ಲರ ಎದುರು, ಅವರು ಲೆಟಿಸ್ ಕ್ಯೂಸಿಕ್‌ಳ ಕ್ಷಮೆ ಕೇಳಬೇಕು.