ಗಾಜಿನ ಮೇಲೆ ಓಲಾಡಿದ ನೀರು

ಬೆಂಜ್ ಸರ್ಕಲ್‌ನ ಕಾರ್ ಶೋರೂಮಿನಲ್ಲಿ ಕಾಯುತ್ತ ಕೂತಿದ್ದಳು ಅನಸೂಯಾ. ವರ್ಗವಾಗಿ ವಿಜಯವಾಡಕ್ಕೆ ಬಂದ ಬ್ಯಾಂಕಿನವಳು. ತೆಲುಗಿನ ಗದ್ದಲದ ನಡುವೆ ಕನ್ನಡ ಕೇಳಿ ಅವಳ ಕಿವಿ ನಿಮಿರಿತು. ಹಳೆಯ ಕಾರು ಕೊಟ್ಟು ಹೊಸದು ಒಯ್ಯಲು ಬಂದಿದ್ದ ಅಪ್ಪ ಮಗಳು, ಹಳೆಯದರ ಪಕ್ಕದಲ್ಲೇ ನಿಂತಿದ್ದರು.

“ಚಿಕ್ಕವಳಿದ್ದಾಗ ಈ ಗಾಜಿಗೆ ನೀರು ಚಿಮ್ಮಿಸು ಅಂತ ಪ್ರಾಣ ತಿಂತಿದ್ದೆಯಲ್ಲೇ ಹರಿಣಿ.”

“ನೀರು ಎಡಕ್ಕೂ ಬಲಕ್ಕೂ ಓಲಾಡ್ತಿತ್ತಲ್ಲಪ್ಪಾ, ಅದಕ್ಕೆ.”

“ನೀರು ಚಿಮ್ಮೋ ಆ ಮೂತಿಯೊಳಗೆ ಪುಟ್ಟ ಮೋಟಾರ್ ಇದೆ ಅಂದಿದ್ದೆ ನಾನು.”

“ನಂಬಿ ಬಿಚ್ಚಿದೆ. ಅಲ್ಲಾಡೋದು ಏನೂ ಇರಲಿಲ್ಲ.”

“ಮತ್ತೆ ಹ್ಯಾಗೆ?”

“ನೀರು ಮೂತಿ ಒಳಗಡೆ ಒಂದು ಗೋಡೆಗೆ ಅಂಟಿಕೊಂಡು ಹೋಗತ್ತೆ. ಅದರಲ್ಲೇ ಸ್ವಲ್ಪ ಪಕ್ಕದ ಕಾಲುವೇಲಿ ಹಿಂದೆ ಬಂದು ಧಾರೇನ ಆಚೆ ಗೋಡೆಗೆ ತಳ್ಳತ್ತೆ. ಅಲ್ಲಿಂದ ಮತ್ತೆ ಈಚೆಗೆ.”

“ಈಗ ನಿಮ್ಮ ಆಫೀಸಲ್ಲಿ ಮಾಡೋ ವಿಮಾನದ ರೆಕ್ಕೇಲೂ ಇದೇನಾ?”

“ಇದೇ, ನೀರಿನ ಬದಲು ಗಾಳಿ. ರೆಕ್ಕೆ ಬಿಟ್ಟು ಹೋಗೋ ಗಾಳೀನ ಹೀಗೇ ಬೀಸಿ ಬೀಸಿ ವಾಪಸ್ ಅಂಟಿಸ್ತೀವಿ. ಅವತ್ತು ಮೂತಿ ಬಿಚ್ಚಿಟ್ಟಾಗ ನೀನು ಬೈಲೇ ಇಲ್ಲ.”

“ಬೈಯೋದೇನು, ಆ ಮೂತಿ ಮತ್ತೆ ಜೋಡಿಸೋವರೆಗೆ ಗಾಜನ್ನ ಬಟ್ಟೇಲಿ ಒರೆಸಿಕೊಂಡು ಓಡಿಸಿದೆ.”

ಶೋರೂಮಿನವನು ಬಂದು ಹಳೆಯ ಕಾರಿನ ಕೀಗಾಗಿ ಕೈ ಚಾಚಿದ. “ಕೀ ಇವ್ವಂಡಿ ಸಾರ್.”

ಅಪ್ಪ ಕೊಡಲಿಲ್ಲ; ಕಾರಿನೊಳಗೆ ಕೂತ.

“ಒಂದೇ ಒಂದು ಸಲ ಚಿಮ್ಮಿಸ್ತೀನಿ, ನೋಡು.”

“ಎರಡು ಸಲ ಅಪ್ಪಾ.”

ಅವರು ಹೊಸ ಕಾರಿನ ಕಡೆ ನಡೆದ ಮೇಲೂ ಹಳೆಯದರ ಗಾಜಿನಿಂದ ನೀರು ಇಳಿಯುತ್ತಲೇ ಇತ್ತು.